ಕಾವು ತಿಳಿಯದ ಕೈ

ಏನೇನು ಕೆಡಬಹುದಿತ್ತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಆ ದಿನ ಗೋಕಾಕದ ಮೋಟಾರು ಸ್ಟ್ಯಾಂಡಿನಲ್ಲಿ ನಿಂತು ನಾನು ಮಾಡಿದ ಮುಖ್ಯ ಕೆಲಸವೆಂದರೆ ಅದನ್ನು ಎಣಿಸಿದ್ದೇ. ರೇಡಿಯೇಟರಿನ ಮುಚ್ಚಳ ಅವಸರಕ್ಕೆ ತೆಗೆದರೆ ಕುದಿಯುವ ನೀರು ಆಳೆತ್ತರ ಚಿಮ್ಮಬಹುದಿತ್ತು. ತುಕ್ಕು ಹಿಡಿದ ಬೋಲ್ಟು ಅರ್ಧಕ್ಕೆ ಮುರಿದು ಉಳಿದರ್ಧ ಎಂಜಿನ್ನಿನಲ್ಲೇ ಉಳಿಯಬಹುದಿತ್ತು. ತಿಂಗಳುಗಟ್ಟಲೆ ಕಾದು ಬೆಳಗಾವಿಯಿಂದ ತರಿಸಿದ ಹೊಸ ಥರ್ಮೋಸ್ಟಾಟು ಬೇರೆ ಗಾಡಿಯ ಅಳತೆಯದಾಗಿರಬಹುದಿತ್ತು. ಅಳತೆ ಸರಿಯಿದ್ದರೂ ಕೆಟ್ಟದ್ದಿರಬಹುದಿತ್ತು. ಕೆಟ್ಟದ್ದಲ್ಲದಿದ್ದರೂ ಕೈತಪ್ಪಿ ಚರಂಡಿಗೆ ಬೀಳಬಹುದಿತ್ತು. ಚರಂಡಿ ಎರಡೇ ಮಾರು ದೂರದಲ್ಲಿತ್ತು, ನಾನು ಅಳೆದು ನೋಡಿದ್ದೆ. ಹುಕ್ಕೇರಿಗೆ ಹೊರಟಿದ್ದ ಮದುವೆಯ ಮಂದಿ ಜಗಳ ತೆಗೆಯಬಹುದಿತ್ತು. ಗೋಕಾಕ ಫಾಲ್ಸಿನ ಏರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಉರುಳಬಹುದಿತ್ತು, ನನ್ನ ಜಾಗ ಹಿಂದಿನ ಸೀಟಿನಲ್ಲಿ. ನನಗೆ ಕೆಮ್ಮು ಬರಬಾರದ ಹೊತ್ತಿಗೆ ಬರಬಹುದಿತ್ತು. ಕೊನೆಯದಾಗಿ, ಸುಡುವ ನೀರು ಕಾಕಾನ ಕೈಮೇಲೆ ಬಿದ್ದು, ಕಾಕಾ ಚೀರದೇ ಇರಬಹುದಿತ್ತು.

ಕೊನೆಯ ಎರಡನ್ನು ಬಿಡಿಸಿ ಹೇಳಬೇಕು. ಅದಕ್ಕೆ ಮೊದಲು ಕಾಕಾ ಯಾರೆಂದು ಹೇಳಬೇಕು.

ಹೋದ ವಾರ ಕೌಜಲಗಿಯ ರೈತನೊಬ್ಬ ಟಿಕೀಟಿಗೆ ಕೈ ಚಾಚುತ್ತ, "ನಿಮ್ಮ ಡ್ರೈವರ್ ಕಾಕಾ ತೀರಕೊಂಡ್ರಂತಲ್ರಿ ಮಾಸ್ತರ" ಎಂದ.

"ಯಾವಾಗ?" ಎಂದೆ.

"ಹತ್ತು ದಿನಾ ಆತು. ಜ್ವರ ಬಂದಿತ್ತಂತ."

"ಹೌದಾ" ಎಂದು ಅವನಿಗೆ ಟಿಕೀಟು ಹರಿದು ಕೊಟ್ಟೆ. ಅವನ ಹಿಂದಿನವನಿಗೂ ಹರಿದು ಕೊಟ್ಟೆ. ಸಾಲು ಮುಗಿದ ಮೇಲೆ ಏನಾದರೂ ಆದೀತೆಂದು ಕಾದೆ. ಏನೂ ಆಗಲಿಲ್ಲ. ಮನೆಗೆ ಹೋಗಿ ಊಟ ಮಾಡಿದೆ, ಪಲ್ಲೆಗೆ ಉಪ್ಪು ಕಡಿಮೆಯಾಗಿದೆ ಎಂದೆ. ಕಣ್ಣೀರು ಬಂತೆಂದು ಬರೆಯಲು ನನಗೂ ಆಸೆಯಿದೆ. ಆದರೆ ಒಂದೇ ಮಗ್ಗುಲಿಗೆ ಬಹಳ ಹೊತ್ತು ಮಲಗಿದಾಗ ತೋಳು ಇದೆಯೋ ಇಲ್ಲವೋ ಎನ್ನುವಂತೆ ಆಗುತ್ತದಲ್ಲ, ಅಷ್ಟೇ ಆದದ್ದು. ಮಳೆ ಬರುತ್ತದೋ, ರೂಲು ಬದಲಾಗುತ್ತದೋ, ಮಗಳಿಗೆ ನೆಗಡಿಯೋ ಎಂದು ದಿನಕ್ಕೆ ನೂರು ಸಲ ಎದೆ ಹೊಡೆದುಕೊಳ್ಳುವ ನನಗೆ, ನಿಜವಾಗಿ ಹೊಡೆದುಕೊಳ್ಳಬೇಕಾದ ದಿನ ಎದೆ ಸುಮ್ಮನಿತ್ತು.

ಅವರ ಹೆಸರು ಕಂಪನಿಯ ರಿಜಿಸ್ಟರಿನಲ್ಲಿದೆ. ನಾನು ಬರೆಯುವುದಿಲ್ಲ. ಅವರ ತಂಗಿಯ ಮನೆಯವರು ಇದ್ದಾರೆ, ಊರು ಸಣ್ಣದು. ಮೂಡಲಗಿ, ಗೋಕಾಕ, ಹುಕ್ಕೇರಿ ಈ ಮೂರು ಊರಿಗೂ ಅವರು ಬರೀ ಕಾಕಾ. ಮೂಡಲಗಿಯ ಸಾವುಕಾರರೊಬ್ಬರು ಲಾರಿಯ ಮೇಲೆ ಕಟ್ಟಿಗೆಯ ಪೆಟ್ಟಿಗೆ ಕೂರಿಸಿ ಮಾಡಿಸಿದ್ದ ಸರ್ವೀಸ್ ಮೋಟಾರಿಗೆ ಅವರು ಡ್ರೈವರು, ರಿಪೇರಿಯೂ ಅವರದೇ. ನಾನು ಬುಕ್ಕಿಂಗ್ ಮಾಸ್ತರ, ಗಾಡಿ ಹೊರಟ ಮೇಲೆ ಕಂಡಕ್ಟರು, ಏರಿನಲ್ಲಿ ನಿಂತರೆ ನೂಕುವವರಲ್ಲಿ ಮೊದಲನೆಯವನು.

ಕಾಕಾ ಕುಳ್ಳು ಆಳು. ತಲೆಗೆ ಸುತ್ತಿದ ವಸ್ತ್ರ ಯಾವ ಬಣ್ಣದ್ದಾಗಿತ್ತೆಂದು ಎಣ್ಣೆ ಹೇಳಗೊಡುತ್ತಿರಲಿಲ್ಲ. ಬೆಳಿಗ್ಗೆ ಹ್ಯಾಂಡಲು ತಿರುವುವ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು, "ಹೊಂಡೂಣೇನವಾ?" ಎಂದು ಗಾಡಿಯನ್ನು ಕೇಳುತ್ತಿದ್ದರು. ಉತ್ತರ ಬರುವವರೆಗೆ ನಿಲ್ಲುತ್ತಿದ್ದರು. ಒಮ್ಮೆ ಯಾವನೋ ಕಾರಕೂನ ಕಿಟಕಿಯಿಂದ, "ಏನ ಅಂತು ಕಾಕಾ, ನಿಮ್ಮವ್ವ?" ಎಂದು ಚೇಷ್ಟೆ ಮಾಡಿದ. "ಕಾರಕೂನರು ಇಳದ್ರ ಹಗುರಾಗಿ ಹೊಕ್ಕೇನಿ ಅಂತು" ಎಂದರು. ಆಮೇಲೆ ಯಾರೂ ಕೇಳಲಿಲ್ಲ.

ಅವರ ಗಡಿಯಾರ ಬೀಡಿ. ಮೂಡಲಗಿಯಿಂದ ಗೋಕಾಕ ನಾಲ್ಕು ಬೀಡಿ. ಫಾಲ್ಸಿನ ಏರು ಒಂದೂವರೆ ಬೀಡಿ. ಎಂಜಿನ್ನು ಕುದ್ದರೆ ರೇಡಿಯೇಟರಿನ ನೆತ್ತಿಯ ಮೇಲೆ ಬರಿ ಅಂಗೈ ಊರಿ, ಕಣ್ಣು ಮುಚ್ಚಿ, "ಇನ್ನ ಒಂದ ಬೀಡಿ ತಡೀರಿ" ಎನ್ನುತ್ತಿದ್ದರು. ಬೀಡಿ ಮುಗಿಯುತ್ತಿದ್ದಂತೆ ಮುಚ್ಚಳ ತೆಗೆದರೆ ಹಬೆ ಹುಸ್ಸೆಂದು ಮೇಲಕ್ಕೆ ಹೋಗುತ್ತಿತ್ತು, ಹನಿ ನೀರು ಯಾರ ಮೇಲೂ ಬೀಳುತ್ತಿರಲಿಲ್ಲ. ಹೊಸ ಪ್ಯಾಸೆಂಜರುಗಳು ಇದನ್ನು ನೋಡಲೆಂದೇ ಕೆಳಗಿಳಿಯುತ್ತಿದ್ದರು. ನಾನು ಮಾತ್ರ ದೂರದಲ್ಲಿ, ಬೇವಿನ ಮರದ ಮರೆಗೆ. "ಮಾಸ್ತರ, ಗಾಡೀಕಿಂತ ಮೊದಲ ನೀವ ಕುದೀತೀರಲ್ರಿ!" ಎಂದು ಕಾಕಾ ಅಲ್ಲಿಂದಲೇ ಕೂಗುತ್ತಿದ್ದರು.

ಥರ್ಮೋಸ್ಟಾಟೆಂದರೆ ಅವರಿಗೆ ನಗೆ. ಎಂಜಿನ್ನು ತಣ್ಣಗಿರುವಾಗ ನೀರನ್ನು ರೇಡಿಯೇಟರಿಗೆ ಹೋಗಗೊಡದೆ ತಡೆದು, ಕಾದ ಮೇಲೆ ಬಾಗಿಲು ತೆರೆಯುವ ಹಿತ್ತಾಳೆಯ ಸಣ್ಣ ಡಬ್ಬಿ ಅದು. "ಅದು ಬರ್ಫ ಬೀಳೂ ದೇಶದವರಿಗಿ. ನಮ್ಮಲ್ಲಿ ಹುಟ್ಟಿದ ಕೂಸ ಬೆವತಿರತೈತಿ" ಎಂದು, ಗಾಡಿ ಬಂದ ಮೊದಲ ವಾರದಲ್ಲೇ ಅದನ್ನು ಕಿತ್ತು ನನ್ನ ಟೇಬಲ್ಲಿನ ಮೇಲಿಟ್ಟರು. ವರ್ಷಗಟ್ಟಲೆ ಅದರಲ್ಲಿ ಬೀಡಿಯ ಬೂದಿ ಬಿತ್ತು.

ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ನು ಬಂತು, ನಾವು ಎಲ್ಲರಂತೆ ಸೀಮೆಎಣ್ಣೆ ಬೆರೆಸತೊಡಗಿದೆವು. ಸೀಮೆಎಣ್ಣೆಗೆ ಎಂಜಿನ್ನು ಸದಾ ಬಿಸಿಯಿರಬೇಕು, ಇಲ್ಲದಿದ್ದರೆ ಅದು ಉರಿಯದೆ ಕರಿ ಹೊಗೆ ಕಾರುತ್ತದೆ. ಏರಿನಲ್ಲಿ ಗಾಡಿ ಮುದುಕರಂತೆ ಕುಳಿತುಬಿಡುತ್ತಿತ್ತು. ಕಾಕಾ ಒಂದು ದಿನ ಮಾತಾಡದೆ ಬಂದು ನನ್ನ ಬೂದಿಡಬ್ಬಿ ತೆಗೆದು, ಬೂದಿ ಜಾಡಿಸಿ, ತೊಳೆದು, ಮೊದಲಿದ್ದ ಜಾಗಕ್ಕೆ ಹಾಕಿದರು. "ತಪ್ಪಾತ್ರಿ. ಪಾಪ, ಅದಕ್ಕೂ ಕೆಲಸಾ ಇತ್ತು" ಎಂದರು. ಅದು ಎಂಟು ದಿನ ದುಡಿಯಿತು. ಆಮೇಲೆ ಮುಚ್ಚಿದ ಬಾಗಿಲು ತೆರೆಯಲೇ ಇಲ್ಲ. ಕಿತ್ತರೆ ಸೀಮೆಎಣ್ಣೆ ಉರಿಯುತ್ತಿರಲಿಲ್ಲ, ಹಾಗಾಗಿ ಅದನ್ನು ಬಿಟ್ಟೇ ಓಡಿಸಿದೆವು, ಗಾಡಿ ನಾಲ್ಕು ಮೈಲಿಗೊಮ್ಮೆ ಕುದಿಯತೊಡಗಿತು. ಸಾವುಕಾರರು ಹೊಸದಕ್ಕೆ ಬೆಳಗಾವಿಗೆ ಬರೆದರು.

ಆ ನಡುವೆಯೇ ನನಗೆ ಅವರ ಕೈಯ ಸಂಗತಿ ತಿಳಿದದ್ದು. ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೆವು. ಅವರು ಬೀಡಿ ಹಿಡಿದು ತಮ್ಮ ತಂಗಿಯ ಎಮ್ಮೆಯ ಕಥೆ ಹೇಳುತ್ತಿದ್ದರು. ಕೂದಲು ಸುಟ್ಟಂಥ ವಾಸನೆ ಬಂತು. ನೋಡಿದರೆ ಬೀಡಿ ಮುಗಿದು ಕೆಂಡ ಎರಡು ಬೆರಳಿನ ನಡುವೆ ಚರ್ಮದ ಮೇಲೆ ಕೂತಿತ್ತು. ಅವರು ಎಮ್ಮೆಯ ಕಥೆ ನಿಲ್ಲಿಸಿರಲಿಲ್ಲ.

"ಕಾಕಾ, ಕೈ!" ಎಂದೆ.

ಅವರು ಕೈಯನ್ನು ಮೊದಲು ನೋಡಿದರು, ಆಮೇಲೆ ಜಾಡಿಸಿದರು. ಸುಟ್ಟುಕೊಂಡವನು ಮೊದಲು ಜಾಡಿಸುತ್ತಾನೆ, ಆಮೇಲೆ ನೋಡುತ್ತಾನೆ.

"ಎಷ್ಟ ದಿನಾ ಆತು?" ಎಂದೆ.

"ದೀಪಾವಳಿಯಿಂದ. ಮೊದಲ ಕಿರಿಬೆರಳು, ಈಗ ಎಡಗೈ ಪೂರಾ. ಬಲಗೈನೂ ಹಾದಿ ಹಿಡದೈತಿ." ಬಿದ್ದ ಕೆಂಡವನ್ನು ಕಾಲಿನಿಂದ ಹೊಸಕಿ, "ಸಾವ್ಕಾರ್ರಿಗಿ ಹೇಳಬ್ಯಾಡ್ರಿ ಮತ್ತ" ಎಂದರು.

ಹೇಳಿದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ವರ್ಷ ಸಾವುಕಾರರ ಬೆಲ್ಲದ ಅಂಗಡಿಯಲ್ಲಿ ಹಮಾಲನೊಬ್ಬನ ಬೆನ್ನ ಮೇಲೆ ತಿಳಿ ಮಚ್ಚೆ ಕಂಡಿತ್ತು. ಅದು ಕುಷ್ಠವೋ ಅಲ್ಲವೋ ಯಾರೂ ನೋಡಲಿಲ್ಲ. ಸಂಜೆಯೊಳಗೆ ಅವನನ್ನು ಕೆಲಸದಿಂದ ಬಿಡಿಸಿದರು. ಅವನು ಕೂರುತ್ತಿದ್ದ ಗೋಣಿಚೀಲ ಸುಟ್ಟರು. ಮರುದಿನದಿಂದ ಅವನಿಗೆ ಬಾವಿಯ ಹಗ್ಗ ಯಾರೂ ಕೊಡಲಿಲ್ಲ. ಕಾಕಾನದು ಅದೇ ರೋಗವೋ, ಮೂವತ್ತು ವರ್ಷ ಅದುರುವ ಸ್ಟೇರಿಂಗು ಹಿಡಿದದ್ದರ ಫಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಒಬ್ಬರ ಕಣ್ಣಿಗೆ ಬಿದ್ದರೂ ಗಾಡಿ ಅವರ ಕೈತಪ್ಪುತ್ತಿತ್ತು. ಹೆಂಡತಿ ಎಂದೋ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಬೆಳಿಗ್ಗೆ ಎದ್ದು ಮಾತಾಡಿಸಲು ಅವರಿಗೆ ಆ ಗಾಡಿಯೊಂದೇ ಇತ್ತು.

ಆಗ ನನಗೆ ಇನ್ನೊಂದು ಅರ್ಥವಾಯಿತು. ಕೆಲವು ತಿಂಗಳಿಂದ ಕಾಕಾ ನಟ್ಟು, ಅದನ್ನು ತಿರುವುವ ಪಾನಾ ಎಲ್ಲವನ್ನೂ ತುಟಿಗೆ ತಾಗಿಸಿ ನೋಡುತ್ತಿದ್ದರು. ಬಿಸಿಯೋ ತಣ್ಣಗೋ, ಅಂಚು ನುಣುಪೋ ಒರಟೋ ಎಲ್ಲ ತುಟಿಯಿಂದಲೇ. ಮಂದಿ ಭಕ್ತಿ ಎಂದುಕೊಂಡಿದ್ದರು. ಮಮದಾಪುರದ ಒಬ್ಬ ಅಜ್ಜ ಅದನ್ನು ನೋಡಿ ತಾನೂ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ.

ಆದರೆ ಕುದಿಯುವ ರೇಡಿಯೇಟರಿಗೆ ತುಟಿ ಇಡಲಾಗದು. ಹಾಗಾಗಿ ಆ ಕೆಲಸಕ್ಕೆ ಸಿಕ್ಕವನು ನಾನು. ಕಾಕಾ ಎಲ್ಲರೆದುರು ಅಂಗೈ ಊರಿ ಕಣ್ಣು ಮುಚ್ಚುತ್ತಿದ್ದರು. ನಾನು ಏನೋ ಹುಡುಕುವವನಂತೆ ಆಚೆ ಬದಿಗೆ ಹೋಗಿ ಬೆರಳ ತುದಿ ತಾಗಿಸಿ, ಸುಟ್ಟರೆ ಒಂದು ಸಲ, ತಡೆಯುವಂತಿದ್ದರೆ ಎರಡು ಸಲ ಕೆಮ್ಮುತ್ತಿದ್ದೆ. ಬೇವಿನ ಮರದ ಮರೆಗೆ ನಿಲ್ಲುತ್ತಿದ್ದವನು ಮೂರು ಊರಿನ ನಡುವಿನ ಅತಿ ಬಿಸಿಯಾದ ವಸ್ತುವನ್ನು ದಿನಕ್ಕೆ ಆರು ಸಲ ಮುಟ್ಟತೊಡಗಿದ್ದೆ. ಹೆಂಡತಿ ಬೆರಳಿನ ಬೊಬ್ಬೆ ನೋಡಿ, "ಟಿಕೀಟ ಹರಿಯೂದ್ರಾಗ ಇಷ್ಟ ಸುಡತೈತೇನ್ರಿ?" ಎಂದಳು.

ಇನ್ನು ಆ ದಿನ. ಸಾವುಕಾರರ ಮಗನಿಗೆ ಹುಕ್ಕೇರಿಯಲ್ಲಿ ಲಗ್ನ. ಮೂಡಲಗಿಯಿಂದ ಮಂದಿಯನ್ನು ತುಂಬಿಕೊಂಡು ಗೋಕಾಕ ಮುಟ್ಟುವಾಗ ಗಾಡಿ ಚಹಾದ ಕಿಟ್ಲಿಯಂತೆ ಹಾಡುತ್ತಿತ್ತು. ಅಲ್ಲಿ ಬೆಳಗಾವಿಯ ಗಾಡಿಯಿಂದ ಒಂದು ಪೊಟ್ಟಣ ಬಂದಿತ್ತು. ಸಾವುಕಾರರು ಬಿಚ್ಚಿದರೆ ಥರ್ಮೋಸ್ಟಾಟು, ಹೊಚ್ಚ ಹೊಸದು.

"ಈಗ ಹಾಕು. ಆ ಏರಿನಾಗ ಲಗ್ನದ ಮಂದಿ ಇಳದು ನನ್ನ ಗಾಡಿ ನೂಕೂದು ಬ್ಯಾಡ" ಎಂದರು.

"ಆರಬೇಕ್ರಿ ಸಾವ್ಕಾರ್ರ. ಮೂರು ಬೀಡಿ ಆಗತೈತಿ."

"ನಿನ್ನ ಬೀಡಿ ಲೆಕ್ಕದಾಗ ಮುಹೂರ್ತ ಹೋಗತೈತಿ. ನಾ ಇಲ್ಲೇ ನಿಂತಿರತೇನಿ, ಮಾಡು" ಎಂದು ಕೊಡೆ ಊರಿ ಎಂಜಿನ್ನಿನ ಪಕ್ಕದಲ್ಲೇ ನಿಂತರು. ಅಲ್ಲಿಂದ ಅವರ ಕಣ್ಣಿಗೂ ಕಾಕಾನ ಕೈಗೂ ಒಂದೂವರೆ ಮೊಳ.

ಕಾಕಾ ಅಂಗೈ ಊರಿದರು. ನಾನು ಆಚೆ ಬದಿಗೆ ಹೋಗಿ ಬೆರಳಿಟ್ಟೆ, ಬೆರಳನ್ನು ಬಾಯಿಗಿಟ್ಟೆ, ಒಂದು ಸಲ ಕೆಮ್ಮಿದೆ.

"ಇನ್ನೂ ಭಾಳ ಕಾದೈತ್ರಿ. ಅಲ್ಲೀತನಕಾ ಹೊಸಾದನ್ನ ಪಾಸ ಮಾಡೂಣು" ಎಂದ ಕಾಕಾ, ಡಬ್ಬಿಗೆ ದಾರ ಕಟ್ಟಿ ಪಕ್ಕದ ಚಹಾದಂಗಡಿಯ ಅಜ್ಜಿಯ ಕುದಿಯುವ ನೀರಿನ ಪಾತ್ರೆಗೆ ಇಳಿಬಿಟ್ಟರು. ಹೊಸ ಥರ್ಮೋಸ್ಟಾಟು ತೆರೆಯುತ್ತದೋ ಇಲ್ಲವೋ ನೋಡದೆ ಅವರು ಹಾಕುವವರಲ್ಲ.

"ಏ ಮೂಳಾ! ಅದರಾಗ ನಾ ಚಾ ಮಾಡಬೇಕೋ ಬ್ಯಾಡೋ?" ಎಂದು ಅಜ್ಜಿ ಸೌಟು ಎತ್ತಿದಳು.

"ಮಾಡಬೇ. ಕುಡದವರು ಹುಕ್ಕೇರಿ ತನಕಾ ನಿಲ್ಲದ ಓಡತಾರ."

ಮದುವೆಯ ಮಂದಿ ಸುತ್ತ ನೆರೆದರು. ನೀರಿನೊಳಗೆ ಹಿತ್ತಾಳೆಯ ಮುಚ್ಚಳ ಮೆಲ್ಲಗೆ, ಮೀನು ಬಾಯಿ ಬಿಟ್ಟಂತೆ, ತೆರೆಯಿತು. "ಬಿಡ್ತು, ಬಾಯಿ ಬಿಡ್ತು!" ಎಂದು ಯಾರೋ ಕೂಗಿದರು. ಆ ಸಂತೋಷದಲ್ಲಿ ಕಾಕಾ ದಾರ ಮರೆತರು. ಕುದಿಯುವ ನೀರಿನತ್ತ ನೇರ ಕೈ ಹೋಯಿತು. ನಾನು ಕರುಳು ಹೊರಬರುವಂತೆ ಕೆಮ್ಮಿದೆ. ಕೈ ಅಲ್ಲೇ ನಿಂತಿತು, ದಾರ ಹಿಡಿಯಿತು.

"ಕ್ಷಯ ಗಿಯ ಆಗೈತೇನೋ ಮಾಸ್ತರ ನಿನಗ?" ಎಂದರು ಸಾವುಕಾರರು, ಎರಡು ಹೆಜ್ಜೆ ಹಿಂದೆ ಸರಿದು.

"ಧೂಳ್ರಿ" ಎಂದೆ.

ಎರಡು ಬೀಡಿಯಾದ ಮೇಲೆ ನನ್ನ ಎರಡು ಕೆಮ್ಮು ಬಂದವು. ಮುಚ್ಚಳ ತೆಗೆದದ್ದಾಯಿತು, ಕೆಳಗಿನ ನಳ ತಿರುವಿ ಬಕೀಟಿಗೆ ನೀರು ಬಿಟ್ಟದ್ದಾಯಿತು. ಬೋಲ್ಟುಗಳು ಮುರಿಯಲಿಲ್ಲ. ಕಾಕಾ ಪಾನಾದಿಂದ ಡಬ್ಬಿಯ ಮೇಲಿನ ಕವಚವನ್ನು ಮೀಟಿದರು. ನಾನು ಎಲ್ಲವನ್ನೂ ಮುಟ್ಟಿ ನೋಡಿದ್ದೆ, ಅದೊಂದನ್ನು ಬಿಟ್ಟು. ಬಾಗಿಲು ತೆರೆಯದ ಆ ಹಳೆಯ ಡಬ್ಬಿಯ ಹಿಂದೆ ಎಂಜಿನ್ನಿನ ನೀರು ಸಿಕ್ಕಿಬಿದ್ದು ಕುದಿಯುತ್ತಲೇ ಇತ್ತು. ಕವಚ ಎದ್ದದ್ದೇ ತಡ ಅದು ಬುಳಕ್ಕನೆ ಕಾಕಾನ ಎಡಗೈ ಮೇಲೆ ಸುರಿಯಿತು.

ಕಾಕಾ ಕೈ ತೆಗೆಯಲಿಲ್ಲ. ಕವಚ ಹಿಡಿದೇ ಇದ್ದರು. ಮುಂಗೈ ಕೆಂಪಾಗುವುದು ನನಗೆ ಕಾಣುತ್ತಿತ್ತು, ಹಬೆ ಏಳುವುದು ಕಾಣುತ್ತಿತ್ತು. ಸಾವುಕಾರರು ಕೊಡೆಯ ಹಿಡಿಯ ಮೇಲೆ ಭಾರ ಹಾಕಿ ಮುಂದಕ್ಕೆ ಬಾಗಿ ಆ ಕೈಯನ್ನೇ ನೋಡುತ್ತಿದ್ದರು. ಅವರ ಹುಬ್ಬು ಮೇಲೇರತೊಡಗಿತ್ತು.

ನಾನು ಚೀರಿದೆ. ಯೋಚನೆ ಮಾಡಿದ್ದರೆ ಚೀರುತ್ತಿರಲಿಲ್ಲ. ಯೋಚನೆ ಮಾಡಿ ನಾನು ಎಂದೂ ಏನನ್ನೂ ಮಾಡಿಲ್ಲ. "ಅಯ್ಯಯ್ಯಯ್ಯೋ ಸುಟ್ಟೆನ್ರೋ!" ಎಂದು ಕಾಲು ಹಿಡಿದು ಕುಣಿದೆ, ಬಕೀಟು ಎಡವಿದೆ, ಟಿಕೀಟು ಚೀಲದ ಸಮೇತ ಮದುಮಗನ ಸೋದರಮಾವನ ಮೇಲೆ ಬಿದ್ದೆ. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಸಾವುಕಾರರು ತಿರುಗಿ, "ನಿನಗ ಎಲ್ಲಿ ಬಿತ್ತೋ ಹುಚ್ಚಾ, ನೀ ಅಲ್ಲಿದ್ದಿ!" ಎಂದರು. ಅಷ್ಟರಲ್ಲಿ ಕಾಕಾ ತಮ್ಮ ಕೈಯನ್ನು ನೋಡಿಕೊಂಡು, ಕವಚ ಕೆಳಗಿಟ್ಟು, "ಹಾ, ಹಾ" ಎಂದು ಜಾಡಿಸಿದ್ದರು. ಸಾವುಕಾರರು ಮತ್ತೆ ತಿರುಗುವಾಗ ಎಲ್ಲರಂತೆ ಸುಟ್ಟುಕೊಂಡ ಮನುಷ್ಯನೊಬ್ಬ ಅಲ್ಲಿ ಕೈ ಊದಿಕೊಳ್ಳುತ್ತಿದ್ದ.

"ಭಾಳ ಸುಟ್ಟಿತೇನೋ?"

"ಚುರುಕ ಅಂತುರಿ" ಎಂದರು ಕಾಕಾ.

ಉಳಿದದ್ದು ಸಲೀಸಾಗಿ ನಡೆಯಿತು. ಬಟ್ಟೆಯಂಗಡಿಯ ರಟ್ಟನ್ನು ಎಂಜಿನ್ನಿನ ಅಂಚಿಗಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗುರುತು ಮಾಡಿ, ನೀರು ಸೋರದಂತೆ ನಡುವೆ ಕೂರಿಸಲು ಪ್ಯಾಕಿಂಗು ಕತ್ತರಿಸಿದರು. ಹೊಸ ಡಬ್ಬಿಯ ಅಂಚನ್ನು ತುಟಿಯ ಮೇಲೆ ಸುತ್ತ ಒಮ್ಮೆ ಎಳೆದು ನೋಡಿದರು.

"ಏನದು, ಮುದ್ದ ಕೊಡಾಕತ್ತೀಯೇನು?" ಎಂದರು ಸಾವುಕಾರರು.

"ಹೊಸಾ ಸೊಸಿ ಅಲ್ರಿ. ಮನಿ ತುಂಬಿಸಿಕೋಬೇಕು."

ಮದುವೆಯ ದಿನ ಆ ಮಾತು ಸಾವುಕಾರರಿಗೆ ಎಷ್ಟು ಹಿಡಿಸಿತೆಂದರೆ ಹುಕ್ಕೇರಿಯವರೆಗೆ ಅದನ್ನೇ ಹೇಳಿಕೊಂಡು ನಕ್ಕರು. ಫಾಲ್ಸಿನ ಏರನ್ನು ಗಾಡಿ ಒಂದೇ ಬೀಡಿಯಲ್ಲಿ ಹತ್ತಿತು. ಕುದಿಯಲಿಲ್ಲ, ಕೂರಲಿಲ್ಲ. ಯಾರೂ ನೂಕಲಿಲ್ಲ. ಹುಕ್ಕೇರಿಯಲ್ಲಿ ಇಳಿಯುವಾಗ ಸಾವುಕಾರರು ಬೀಗರಿಗೆ ಕೇಳುವಂತೆ, "ನಮ್ಮ ಕಾಕಾನ ಕೈ ಅಂದ್ರ ಕೈ" ಎಂದರು.

ಆ ಕೈ ಇನ್ನೂ ಒಂದೂವರೆ ವರ್ಷ ಅದೇ ಗಾಡಿ ನಡೆಸಿತು. ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರೇ ಬಂದು ಕೀಲಿಕೈ ನನ್ನ ಟೇಬಲ್ಲಿನ ಮೇಲಿಟ್ಟು, "ಬ್ರೇಕ ಈಗ ಕಾಲಿಗೂ ತಿಳೀವಲ್ದು ಮಾಸ್ತರ. ಮಂದೀ ಜೀವಾ ಇರತಾವ" ಎಂದು ತಂಗಿಯ ಊರಿಗೆ ಹೋದರು. ಅದು ನಾಲ್ಕು ತಾಸಿನ ದಾರಿ. ಹೋಗಿ ನೋಡಿ ಬರಬೇಕೆಂದು ಪ್ರತಿ ತಿಂಗಳೂ ಅಂದುಕೊಂಡೆ. ಹೋದರೆ ಏನೇನು ಆಗಬಹುದೆಂದು ಎಣಿಸಿದೆ. ಹೋಗಲಿಲ್ಲ.

ಹೀಗೆ, ನಾನು ಎಣಿಸಿದ್ದರಲ್ಲಿ ಆದದ್ದು ಕೊನೆಯದೊಂದೇ, ಅದೂ ಏನನ್ನೂ ಕೆಡಿಸದೆ ದಾಟಿಹೋಯಿತು. ಕೆಟ್ಟದ್ದು ನನ್ನ ಎಣಿಕೆಯಲ್ಲಿ ಇಲ್ಲದಿದ್ದದ್ದು, ಬಹಳ ಸಣ್ಣದು.

ಆ ಲಗ್ನದ ದಿನ ಹುಕ್ಕೇರಿಯಲ್ಲಿ ಮಂದಿಯೆಲ್ಲ ಮದುವೆಮನೆಗೆ ಹೋದ ಮೇಲೆ ನಾವಿಬ್ಬರೇ ಗಾಡಿಯ ನೆರಳಿಗೆ ಕೂತೆವು. ಕಾಕಾನ ಎಡಗೈ ಮೇಲೆ ಬೊಬ್ಬೆ ಎದ್ದಿದ್ದವು, ನೀರು ತುಂಬಿ ಹೊಳೆಯುತ್ತಿದ್ದವು. ಅವರು ಅದನ್ನು ಬೇರೆ ಯಾರದೋ ಕೈಯೆಂಬಂತೆ ತೊಡೆಯ ಮೇಲಿಟ್ಟುಕೊಂಡಿದ್ದರು.

"ನಾ ಒದರೂದನ್ನ ನೀವ ಒದರಿದ್ರಿ" ಎಂದರು.

ನಾನು ಟಿಕೀಟು ಚೀಲದ ಧೂಳು ಜಾಡಿಸಿದೆ.

ಅವರು ಸೀಟಿನ ಕೆಳಗಿನಿಂದ ಬುತ್ತಿಯ ಗಂಟು ತೆಗೆದು ಬಿಚ್ಚಿದರು. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಂದು ರೊಟ್ಟಿಯನ್ನು ಆ ಎರಡೂ ಕೈಯಿಂದ ಮುರಿದು, ಚಟ್ನಿ ಹಚ್ಚಿ, ದೊಡ್ಡ ಅರ್ಧವನ್ನು ನನ್ನ ಕಡೆ ಚಾಚಿದರು.

ನನಗೆ ಹಸಿವಾಗಿತ್ತು. ಮಧ್ಯಾಹ್ನ ತಿರುಗಿತ್ತು.

"ಇವತ್ತ ಸೋಮಾರ ಅಲ್ಲೇನ್ರಿ ಕಾಕಾ, ನಂದು ಒಪ್ಪೊತ್ತು, ಹಗಲ ಏನೂ ತಿನ್ನಂಗಿಲ್ಲ" ಎಂದೆ.

ಅವತ್ತು ಬುಧವಾರ. ಗಾಡಿಗೆ ಕಟ್ಟಿದ್ದ ಮಾವಿನ ತೋರಣಕ್ಕೂ ಗೊತ್ತಿತ್ತು, ಬುಧವಾರದ ಮುಹೂರ್ತಕ್ಕೇ ನಾವು ಬಂದಿದ್ದೆವು.

ಕಾಕಾ ನನ್ನ ಮುಖ ನೋಡಿದರು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

"ಹೌದಲ್ಲ, ಸೋಮಾರ" ಎಂದರು. "ನಾ ಮರತಬಿಟ್ಟಿದ್ದೆ." ಆ ಅರ್ಧ ರೊಟ್ಟಿಯನ್ನು ಬಟ್ಟೆಯ ಮೇಲೆ, ನನ್ನಿಂದ ಆಚೆ ಬದಿಗೆ ಇಟ್ಟು, ಇನ್ನರ್ಧವನ್ನು ತಿನ್ನತೊಡಗಿದರು.